ಅಫೀಮಿನ ಲೆಕ್ಕವೂ ರೋಗಿಯ ನೋವೂ

ವಾಶಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಮಸಾಲೆ ಪೇಟೆಯಲ್ಲಿ ಗಸಗಸೆಯ ಚೀಲಗಳನ್ನು ಕಾಣದ ಕನ್ನಡಿಗರು ವಿರಳ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಪಾಯಸವಾಗುವ, ಉಂಡವರಿಗೆ ಮಧ್ಯಾಹ್ನದ ನಿದ್ರೆಯನ್ನು ತರುವುದೆಂದು ಹೆಸರಾದ ಈ ಬೀಜವು ಯಾವ ಗಿಡದ್ದೋ, ಆ ಗಿಡದ ಎಳೆಗಾಯನ್ನು ಗೀರಿದಾಗ ಒಸರುವ ಹಾಲೇ ಹೆಪ್ಪುಗಟ್ಟಿ ಅಫೀಮಾಗುತ್ತದೆ. ಅಫೀಮಿನಿಂದ ಬೇರ್ಪಡಿಸಿದ ಸಾರವೇ ಮಾರ್ಫಿನ್. ಒಂದೇ ಗಿಡದ ಬೀಜವು ಬಾಯಿ ಬಿಚ್ಚಿದ ಚೀಲದಲ್ಲಿ ಹಗಲು ಬೆಳಕಿನಲ್ಲಿ ಮಾರಾಟವಾಗುತ್ತದೆ. ಹಾಲಿಗೆ ಮಾತ್ರ ಬಂದೂಕಿನ ಕಾವಲು. ೧೯೮೫ರ ಕಾಯಿದೆಯು ಈ ಗಿಡದ ಒಣಗಿದ ಭಾಗಗಳನ್ನೆಲ್ಲ ನಿಷೇಧದ ವ್ಯಾಖ್ಯೆಯೊಳಗೆ ತರುವಾಗ ಬೀಜವನ್ನು ಮಾತ್ರ ಹೆಸರು ಹೇಳಿ ಹೊರಗಿಟ್ಟಿದೆ. ಪಾಯಸವು ಉಳಿದುಕೊಂಡಿತು. ಹಾಲಿನ ವಿಷಯದಲ್ಲಿ ಸರಕಾರಗಳು ನಡೆಸಿದ ಆಡಳಿತದಿಂದ, ಹಾಸಿಗೆ ಹಿಡಿದ ರೋಗಿಗೆ ಏನು ಉಳಿಯಿತು, ಏನು ಹೋಯಿತು ಎಂಬುದೇ ಪ್ರಕೃತ ಪ್ರಬಂಧದ ವಿಷಯ.

ಲೇಖಕನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಆದುದರಿಂದ ಔಷಧದ ಗುಣದೋಷಗಳಿಗಿಂತ ಅದರ ಲೆಕ್ಕಪತ್ರಗಳ ಕಡೆಗೆ ಅವನ ಕಣ್ಣು ಮೊದಲು ಹೋಗುವುದು ಸಹಜ. ಅಫೀಮಿನ ವ್ಯಾಪಾರವನ್ನು ಕುರಿತು, ಅದರಿಂದ ಚೀನಾ ದೇಶಕ್ಕೊದಗಿದ ದುರ್ಗತಿಯನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಅದೇ ಪದಾರ್ಥವನ್ನು ನೋವಿಗೆಂದು ಬಯಸಿದವನ ಚರಿತ್ರೆಯನ್ನು, ಅದರಲ್ಲಿಯೂ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ದೃಷ್ಟಿಯಿಂದ, ಒಂದೆಡೆ ಕೂಡಿಸಿ ನೋಡಿದ ಬರವಣಿಗೆ ಈ ಲೇಖಕನ ಕಣ್ಣಿಗೆ ಬಿದ್ದಿಲ್ಲ. ಇದು ಅಂಥದೊಂದು ಅಲ್ಪ ಪ್ರಯತ್ನ.

ಅಫೀಮು ನಮ್ಮ ಪ್ರಾಚೀನ ಸಂಹಿತೆಗಳ ಔಷಧವಲ್ಲ. ಚರಕ ಸುಶ್ರುತರಲ್ಲಿ ಅದರ ಸುಳಿವಿಲ್ಲ; ಅರಬ್ಬರ ಸಂಪರ್ಕದಿಂದ ಬಂದುದೆಂದು ತಿಳಿದವರು ಹೇಳುತ್ತಾರೆ. ಅಹಿಫೇನವೆಂಬ ಸಂಸ್ಕೃತ ಹೆಸರನ್ನು ತೊಟ್ಟು ಅದು ಶಾರ್ಙ್ಗಧರ ಸಂಹಿತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಹಿಫೇನವೆಂದರೆ ಹಾವಿನ ನೊರೆ. ಅಫ್ಯೂನ್ ಎಂಬ ಅರಬ್ಬೀ ಶಬ್ದಕ್ಕೆ ನಮ್ಮ ಪಂಡಿತರು ಹೊಲಿದ ಸಂಸ್ಕೃತದ ಅಂಗಿ ಅದೆಂಬ ಊಹೆ ತಪ್ಪಾಗಲಾರದು. ಅತಿಸಾರಕ್ಕೆ, ಕೆಮ್ಮಿಗೆ, ಶೂಲೆಗೆ, ನಿದ್ರಾಹೀನತೆಗೆ ಅದನ್ನು ಕೊಡುವ ವಾಡಿಕೆ ಬೆಳೆಯಿತು. ವೈದ್ಯನಿಲ್ಲದ ಹಳ್ಳಿಯಲ್ಲಿ ಅಜ್ಜಿಯ ಕೈಪೆಟ್ಟಿಗೆಯೇ ಔಷಧಾಲಯ. ಆ ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆ ಗಾತ್ರದ ಕಪ್ಪು ಗುಳಿಗೆಗೂ ಒಂದು ಸ್ಥಾನವಿತ್ತು.

ಈಸ್ಟ್ ಇಂಡಿಯಾ ಕಂಪನಿಯು ಬಂಗಾಲ ಬಿಹಾರಗಳ ಅಫೀಮನ್ನು ಹದಿನೆಂಟನೆಯ ಶತಮಾನದಲ್ಲಿಯೇ ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿಕೊಂಡಿತು. ಮಾಳವದ ಅಫೀಮು ಹಾಗಲ್ಲ. ಅದು ಇಂದೂರು, ಗ್ವಾಲಿಯರ್ ಮೊದಲಾದ ಸಂಸ್ಥಾನಗಳ ಹೊಲದಲ್ಲಿ ಬೆಳೆದು, ಮಾರವಾಡಿ ಸಾಹುಕಾರರ ಬಂಡವಾಳದಿಂದ ಸಾಗಿ, ಕಂಪನಿಯ ಕಣ್ಣು ತಪ್ಪಿಸಿ ಕರಾಚಿ ಹಾಗೂ ಪೋರ್ತುಗೀಸರ ದಮನ್ ಮಾರ್ಗವಾಗಿ ಚೀನಾಕ್ಕೆ ಹೋಗುತ್ತಿತ್ತು. ತಡೆಯಲಾರದುದನ್ನು ತೆರಿಗೆಗೆ ಒಳಪಡಿಸುವುದು ಆಳರಸರ ಹಳೆಯ ಜಾಣ್ಮೆ. ೧೮೩೦ರ ಸುಮಾರಿಗೆ ಕಂಪನಿಯು ಮಾಳವದ ಪೆಟ್ಟಿಗೆಗಳಿಗೆ ಶುಲ್ಕ ಪಡೆದು ರಹದಾರಿ ಕೊಟ್ಟು ಮುಂಬಯಿ ಬಂದರವನ್ನು ತೆರೆಯಿತು. ೧೮೪೩ರಲ್ಲಿ ಸಿಂಧವನ್ನು ಗೆದ್ದುಕೊಂಡ ಬಳಿಕ ಕರಾಚಿಯ ದಾರಿಯೂ ಅದರ ವಶವಾಯಿತು. ಅನಂತರ ರಹದಾರಿಯ ಶುಲ್ಕವು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಸುಮಾರು ನೂರನಾಲ್ವತ್ತು ಪೌಂಡು ತೂಗುವ ಒಂದೊಂದು ಪೆಟ್ಟಿಗೆಯೂ ಸರಕಾರದ ಬೊಕ್ಕಸಕ್ಕೆ ನೂರಾರು ರೂಪಾಯಿ ತುಂಬಿ ಹಡಗನ್ನೇರಿತು. ಮುಂಬಯಿಯ ಶ್ರೀಮಂತಿಕೆಯ ತಳಪಾಯದಲ್ಲಿ ಹತ್ತಿಗಿಂತ ಮೊದಲು ಬಿದ್ದ ಕಲ್ಲು ಇದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಚೀನಾ ವ್ಯಾಪಾರದಲ್ಲಿ, ವಿಶೇಷವಾಗಿ ಅಫೀಮಿನಲ್ಲಿ, ಸಂಪತ್ತನ್ನು ಗಳಿಸಿದ ಸರ್ ಜಮ್‌ಶೇಟ್‌ಜಿ ಜೀಜಿಭಾಯಿಯವರು ತಮ್ಮ ದಾನದಿಂದ ಭಾಯಖಳೆಯಲ್ಲಿ ಆಸ್ಪತ್ರೆಯನ್ನು ಕಟ್ಟಿಸಿದರು. ೧೮೪೫ರಲ್ಲಿ ಆ ಆಸ್ಪತ್ರೆಯೂ ಅದಕ್ಕೆ ಹೊಂದಿದ ಗ್ರಾಂಟ್ ವೈದ್ಯಕೀಯ ಕಾಲೇಜೂ ಪ್ರಾರಂಭವಾದುವು. ಪಶ್ಚಿಮ ಭಾರತದ ಮೊದಲ ತಲೆಮಾರಿನ ಇಂಗ್ಲಿಷ್ ವೈದ್ಯರು ಕಲಿತುಬಂದದ್ದು ಅಲ್ಲಿಯೇ. ಅಫೀಮಿನ ಹಣದಿಂದ ವೈದ್ಯವಿದ್ಯೆ ಬೆಳೆಯಿತು ಎಂದು ಹೇಳಿ ಮೂಗು ಮುರಿಯುವುದು ಸುಲಭ. ಆ ಹಣವಿಲ್ಲದಿದ್ದರೆ ಆ ಕಾಲದ ಬಡರೋಗಿಗೆ ಮಂಚವೆಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಅಫೀಮಿನ ಕೃಷಿ ಹಾಗೂ ಮಾರಾಟಗಳನ್ನು ಕುರಿತ ಎರಡು ಮುಖ್ಯ ಕಾಯಿದೆಗಳು ೧೮೫೭ರವು ಮತ್ತು ೧೮೭೮ರವು. ಎರಡರ ಹೊಕ್ಕುಳೂ ಕಂದಾಯವೇ. ೧೮೭೮ರ ಕಾಯಿದೆಯ ಪ್ರಕಾರ ಪರವಾನೆ ಪಡೆದ ಅಂಗಡಿಯವನು ಗೊತ್ತಾದ ಪ್ರಮಾಣಕ್ಕೆ ಮೀರದಂತೆ ಗಿರಾಕಿಗೆ ಅಫೀಮನ್ನು ಮಾರಬಹುದಾಗಿತ್ತು. ಗಿರಾಕಿಯು ರೋಗಿಯೋ ವ್ಯಸನಿಯೋ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ, ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡವೂ ಮುಂಬಯಿ ಪ್ರಾಂತದ ಅಬಕಾರಿ ಆಡಳಿತಕ್ಕೆ ಒಳಪಟ್ಟಿದ್ದುವು. ಗುಜರಾತ, ರಾಜಪುತಾನ, ಪಂಜಾಬ, ಅಸ್ಸಾಮಗಳೊಡನೆ ಹೋಲಿಸಿದರೆ ದಕ್ಷಿಣದ ಜಿಲ್ಲೆಗಳಲ್ಲಿ ಅಫೀಮಿನ ಬಳಕೆ ಅತ್ಯಲ್ಪ. ನಮ್ಮವರ ದೌರ್ಬಲ್ಯ ಸಿಂದಿಯ ಕಡೆಗಿತ್ತು. ಆದಾಗ್ಯೂ ಅಂಗಡಿ ಇತ್ತು. ಮಗುವಿನ ಹೊಟ್ಟೆನೋವಿಗೋ ಮುದುಕನ ಕೆಮ್ಮಿಗೋ ಒಂದಾಣೆ ಕೊಟ್ಟವನಿಗೆ ಅದು ದೊರೆಯುತ್ತಿತ್ತು.

ಇಂಗ್ಲೆಂಡಿನಲ್ಲಿ ಧಾರ್ಮಿಕ ಮನೋಭಾವದ ಜನರು ಈ ವ್ಯಾಪಾರದ ವಿರುದ್ಧ ಎಬ್ಬಿಸಿದ ಕೂಗಿನ ಫಲವಾಗಿ ೧೮೯೩ರಲ್ಲಿ ಲಾರ್ಡ್ ಬ್ರಾಸಿಯವರ ಅಧ್ಯಕ್ಷತೆಯಲ್ಲಿ ರಾಜನಿಯುಕ್ತ ಅಫೀಮು ಆಯೋಗವು ನೇಮಕವಾಯಿತು. ದರಭಂಗದ ಮಹಾರಾಜರೂ ಜುನಾಗಢದ ಮಾಜಿ ದಿವಾನ ಹರಿದಾಸ ವಿಹಾರಿದಾಸ ದೇಸಾಯಿಯವರೂ ಅದರಲ್ಲಿದ್ದರು. ಏಳುನೂರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ವಿಚಾರಿಸಿ ೧೮೯೫ರಲ್ಲಿ ಆಯೋಗವು ಕೊಟ್ಟ ತೀರ್ಮಾನವು ಸರಕಾರಕ್ಕೆ ಅನುಕೂಲವಾಗಿಯೇ ಇತ್ತು: ಭಾರತೀಯರು ಅಫೀಮನ್ನು ಬಹುಮಟ್ಟಿಗೆ ಮಿತವಾಗಿ ಬಳಸುತ್ತಾರೆ, ಔಷಧವಾಗಿ ಬಳಸುವುದನ್ನೂ ಬೇರೆ ಕಾರಣಕ್ಕೆ ಬಳಸುವುದನ್ನೂ ಬೇರ್ಪಡಿಸುವುದು ಅಸಾಧ್ಯ, ನಿಷೇಧವು ಬೇಡ. ಕಂದಾಯವನ್ನು ಉಳಿಸಿಕೊಳ್ಳುವುದಕ್ಕಾಗಿ ಹೂಡಿದ ವಾದವಿದೆಂದು ಅಂದಿನ ವಿರೋಧಿಗಳು ಹೇಳಿದರು, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವೈದ್ಯನಿಲ್ಲದ ದೇಶದಲ್ಲಿ ಅಫೀಮೇ ಬಡವನ ಔಷಧವೆಂದು ಸಾಕ್ಷಿ ನುಡಿದವರೆಲ್ಲರೂ ಸರಕಾರದ ಬಾಯಾಗಿದ್ದರೆಂದು ತಳ್ಳಿಬಿಡಲು ಈ ಲೇಖಕನಿಗೆ ಮನಸ್ಸು ಬಾರದು. ಸ್ವಾರ್ಥಿಯ ಬಾಯಿಂದ ಬಂದ ಮಾತ್ರಕ್ಕೆ ನಿಜವು ಸುಳ್ಳಾಗುವುದಿಲ್ಲ.

ಇದರ ಕರಾಳ ಮುಖವನ್ನೂ ಮರೆಮಾಚಬಾರದು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಹಸುಗೂಸುಗಳನ್ನು ಚಾಳಿನ ಕೋಣೆಯಲ್ಲಿ ಬಿಟ್ಟುಹೋಗುವಾಗ ಅವು ಅಳದೆ ಮಲಗಿರಲೆಂದು ‘ಬಾಳಗೋಳಿ’ ಎಂಬ ಅಫೀಮಿನ ಗುಳಿಗೆಯನ್ನು ನುಂಗಿಸುತ್ತಿದ್ದ ಪದ್ಧತಿಯು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿಯೂ ಜೀವಂತವಾಗಿತ್ತು. ಆ ಕೂಸುಗಳು ನಿದ್ದೆಯಲ್ಲಿಯೇ ಸೊರಗಿದುವು. ಆಗಿನ ಕಾರ್ಮಿಕ ಹಿತಚಿಂತಕರು ಇದನ್ನು ಕಂಡು ಮರುಗಿ ಬರೆದರು. ಆದುದರಿಂದ ಹಳೆಯ ಅಂಗಡಿಯ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಈ ಪ್ರಬಂಧದ ಉದ್ದೇಶವಲ್ಲ.

ಈ ನಡುವೆ ಔಷಧವು ಬೇರೊಂದು ರೂಪವನ್ನು ತಾಳಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸೆರ್ಟ್ಯೂರ್ನರ್ ಎಂಬ ಜರ್ಮನ್ ಔಷಧ ತಯಾರಕನು ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದನು. ಅಫೀಮು ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿಯಿತು. ಮಾರ್ಫಿನ್ ವೈದ್ಯನ ಚೀಲವನ್ನು ಸೇರಿತು. ಹೇಗ್ ನಗರದಲ್ಲಿ ೧೯೧೨ರಲ್ಲಿಯೂ ಜಿನೀವಾದಲ್ಲಿ ೧೯೨೫ರಲ್ಲಿಯೂ ಆದ ಅಂತರರಾಷ್ಟ್ರೀಯ ಒಪ್ಪಂದಗಳ ಅನುಸಾರ ಭಾರತದಲ್ಲಿ ೧೯೩೦ರ ಅಪಾಯಕರ ಔಷಧಗಳ ಕಾಯಿದೆಯು ಬಂದಾಗ ಮಾರ್ಫಿನಿನ ತಯಾರಿಕೆ ಕೇಂದ್ರದ ಅಧೀನವಾಯಿತು. ಪ್ರಾಂತದೊಳಗಿನ ಮಾರಾಟ, ಸಂಗ್ರಹ, ಸಾಗಣೆಗಳ ನಿಯಮಗಳನ್ನು ಮಾಡುವ ಅಧಿಕಾರವು ಪ್ರಾಂತ ಸರಕಾರಗಳಿಗೆ ಬಂತು. ಕೇಂದ್ರವು ತಯಾರಿಸುವುದು, ಪ್ರಾಂತವು ಬಾಗಿಲು ಕಾಯುವುದು ಎಂಬ ಈ ಏರ್ಪಾಡು ಮುಂದೆ ಬಂದ ಕಾಯಿದೆಗಳಲ್ಲಿಯೂ ಮುಂದುವರಿಯಿತು. ಮುಂದಿನ ಕಥೆಯ ಬೀಜವೆಲ್ಲ ಇಲ್ಲಿಯೇ ಇದೆ.

ಸ್ವಾತಂತ್ರ್ಯ ಬಂದಮೇಲೆ ಕಂದಾಯದ ಆಸೆಯನ್ನು ರಾಷ್ಟ್ರೀಯ ಸರಕಾರವು ತೊರೆಯಿತೆಂಬುದನ್ನು ಗೌರವದಿಂದ ಹೇಳಬೇಕು. ೧೯೪೯ರ ಅಖಿಲ ಭಾರತ ಅಫೀಮು ಸಮ್ಮೇಳನವು ಔಷಧೇತರ ಅಫೀಮು ಸೇವನೆಯನ್ನು ಹತ್ತು ವರ್ಷಗಳಲ್ಲಿ ಕೊನೆಗಾಣಿಸಲು ನಿಶ್ಚಯಿಸಿ ೧೯೫೯ರ ಮಾರ್ಚ್ ತಿಂಗಳ ಕೊನೆಯನ್ನು ಗಡುವಾಗಿ ಗೊತ್ತುಮಾಡಿತು. ಅದೇ ೧೯೪೯ರಲ್ಲಿ ಮುಂಬಯಿ ಸರಕಾರವು ಪಾನನಿರೋಧದ ಕಾಯಿದೆಯನ್ನು ತಂದಿತು. ಈ ಕಾಯಿದೆಯ ವಿರುದ್ಧ ಬಾಲಸಾರಾ ಎಂಬವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೧ರಲ್ಲಿ ಕೊಟ್ಟ ತೀರ್ಪು ನಮ್ಮ ವಿಷಯಕ್ಕೆ ಬಹು ಹತ್ತಿರದ್ದು. ಮದ್ಯಸಾರವಿದ್ದುದೆಲ್ಲ ಮದ್ಯವೆಂದು ಬಗೆದ ಕಾಯಿದೆಯು, ಅದು ಸೇರಿದ ಔಷಧಗಳನ್ನೂ ಪ್ರಸಾಧನ ದ್ರವ್ಯಗಳನ್ನೂ ಜನರು ಹೊಂದುವುದನ್ನು, ಮಾರುವುದನ್ನು, ಬಳಸುವುದನ್ನು ತಡೆಯುವಷ್ಟರ ಮಟ್ಟಿಗೆ ಅಸಿಂಧುವೆಂದು ನ್ಯಾಯಾಲಯವು ಸಾರಿತು. ಪಾನನಿರೋಧದ ತತ್ತ್ವವನ್ನು ಅದು ಎತ್ತಿಹಿಡಿಯಿತು. ರೋಗಿಯ ಸೀಸೆಯನ್ನು ಮಾತ್ರ ಕುಡುಕನ ಸೀಸೆಯಿಂದ ಬೇರ್ಪಡಿಸಿತು. ಈ ವಿವೇಕವು ಮೂವತ್ತನಾಲ್ಕು ವರ್ಷಗಳ ಬಳಿಕ ಬಂದ ದೊಡ್ಡ ಕಾಯಿದೆಯ ಆಡಳಿತದಲ್ಲಿ ಕಾಣದೆ ಹೋಯಿತು.

ಮಧ್ಯದಲ್ಲಿ ಇನ್ನೊಂದು ಘಟನೆ. ಪರೇಲಿನಲ್ಲಿ ೧೯೪೧ರ ಫೆಬ್ರುವರಿ ೨೮ರಂದು ಟಾಟಾ ಸ್ಮಾರಕ ಆಸ್ಪತ್ರೆಯು ಅರ್ಬುದ ರೋಗಿಗಳಿಗಾಗಿ ತೆರೆಯಿತು. ಅದು ೧೯೫೭ರಲ್ಲಿ ಕೇಂದ್ರದ ಆರೋಗ್ಯ ಖಾತೆಗೂ, ೧೯೬೨ರಲ್ಲಿ ಅಣುಶಕ್ತಿ ಇಲಾಖೆಗೂ ಹಸ್ತಾಂತರವಾಯಿತು. ವಿಜಾಪುರ, ಬೆಳಗಾವಿಗಳ ರೋಗಿಗಳು ಬೆಂಗಳೂರಿಗಿಂತ ಮುಂಬಯಿಯನ್ನೇ ಹತ್ತಿರವೆಂದು ಬಗೆದು ಪರೇಲಿಗೆ ಬರುವ ರೂಢಿಯು ಅಂದಿನಿಂದ ಬೆಳೆಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು ೧೯೭೩ರಲ್ಲಿ. ಅನಂತರವೂ ಈ ರೂಢಿಯು ತಪ್ಪಲಿಲ್ಲ. ೧೯೫೬ರ ನವೆಂಬರದವರೆಗೆ ವಿಜಾಪುರದ ರೋಗಿಯೂ ಪರೇಲಿನ ವೈದ್ಯನೂ ಒಂದೇ ಮುಂಬಯಿ ರಾಜ್ಯದ ಪ್ರಜೆಗಳು. ಭಾಷಾವಾರು ಪ್ರಾಂತರಚನೆಯಿಂದ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಏಕೀಕರಣಕ್ಕಾಗಿ ಕನ್ನಡಿಗರು ಪಟ್ಟ ಶ್ರಮವನ್ನು ಬಲ್ಲವರಾರೂ ಅದನ್ನು ವ್ಯಸನದಿಂದ ನೆನೆಯರು. ಆದರೆ ಮಾರ್ಫಿನಿನ ನಿಯಮಗಳು ರಾಜ್ಯ ರಾಜ್ಯಕ್ಕೂ ಬೇರೆಯಾದುದರಿಂದ ಸೋಲಾಪುರ ವಿಜಾಪುರಗಳ ನಡುವೆ ಭೂಪಟದಲ್ಲಿ ಎಳೆದ ಗೆರೆಯು ಔಷಧದ ಪೆಟ್ಟಿಗೆಗೂ ಗಡಿಯಾಯಿತು. ಒಂದು ರಾಜ್ಯದಿಂದ ರಫ್ತಿನ ಅನುಮತಿ, ಇನ್ನೊಂದು ರಾಜ್ಯಕ್ಕೆ ಆಮದಿನ ಅನುಮತಿ ಎಂಬ ಮಾತು ವಿದೇಶ ವ್ಯಾಪಾರದ್ದಲ್ಲ, ನಮ್ಮ ದೇಶದೊಳಗಿನ ಆಸ್ಪತ್ರೆಗಳದ್ದೇ ಆಯಿತು.

೧೯೮೫ರ ಕಾಯಿದೆಗೆ ಬರೋಣ. ೧೯೬೧ರ ಅಂತರರಾಷ್ಟ್ರೀಯ ಏಕೀಕೃತ ಒಪ್ಪಂದಕ್ಕೆ ಭಾರತವು ಸಹಿ ಮಾಡಿತ್ತು. ೧೯೮೦ರ ಬಳಿಕ ಪಶ್ಚಿಮದ ಗಡಿಯಾಚೆಯಿಂದ ಹೆರಾಯಿನ್ ಹರಿದುಬಂದು, ‘ಬ್ರೌನ್ ಶುಗರ್’ ಎಂಬ ಹೆಸರಿನಲ್ಲಿ ಮುಂಬಯಿಯ ಗಲ್ಲಿಗಳಲ್ಲಿ ತರುಣರನ್ನು ಸುಡತೊಡಗಿತ್ತು. ಹಳೆಯ ಕಾಯಿದೆಯ ಶಿಕ್ಷೆಯು ಮೂರು ವರ್ಷ, ಮರು ಅಪರಾಧಕ್ಕೆ ನಾಲ್ಕು ವರ್ಷ. ಕಳ್ಳಸಾಗಣೆಗಾರನಿಗೆ ಅದು ವ್ಯಾಪಾರದ ಖರ್ಚಿನಲ್ಲಿ ಒಂದು ಬಾಬು ಮಾತ್ರ. ಹೀಗಿರಲು ಕಠಿನವಾದ ಕಾಯಿದೆಯೊಂದು ಬೇಕಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಮಾದಕ ದ್ರವ್ಯ ಹಾಗೂ ಮನೋಪರಿಣಾಮಿ ಪದಾರ್ಥಗಳ ಕಾಯಿದೆಯು ಅಲ್ಪ ಕಾಲದಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ ೧೯೮೫ರ ನವೆಂಬರ ೧೪ರಿಂದ ಜಾರಿಗೆ ಬಂದಿತು. ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಇಪ್ಪತ್ತು ವರ್ಷದವರೆಗಿನ ಕಠಿನ ಸಜೆ. ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಕಡಿಮೆ ಶಿಕ್ಷೆ ಕೊಡುವ ವಿವೇಚನೆಯನ್ನು ನ್ಯಾಯಾಧೀಶರಿಂದಲೂ ಕಸಿದುಕೊಂಡಿತು. ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯನ್ನು ಬೇರ್ಪಡಿಸಿದ್ದು ೨೦೦೧ರ ತಿದ್ದುಪಡಿಯಲ್ಲಿ.

ಕಾಯಿದೆಯು ಮಾರ್ಫಿನನ್ನು ನಿಷೇಧಿಸಲಿಲ್ಲ. ಎಂಟನೆಯ ಕಲಮಿನಲ್ಲಿ ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ಸ್ಪಷ್ಟವಾದ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯನ್ನು ನಡೆಸಿಕೊಡುವ ನಿಯಮಗಳು ಹತ್ತನೆಯ ಕಲಮಿನ ಮೇರೆಗೆ ರಾಜ್ಯ ಸರಕಾರಗಳ ಕೈಯಲ್ಲಿದ್ದುವು. ಆಸ್ಪತ್ರೆಯೊಂದು ಮಾರ್ಫಿನ್ ಮಾತ್ರೆಗಳನ್ನು ತರಿಸಬೇಕಾದರೆ ಹಲವು ರಾಜ್ಯಗಳಲ್ಲಿ ನಾಲ್ಕೈದು ಪರವಾನೆಗಳು ಬೇಕಾದುವು: ಇಟ್ಟುಕೊಳ್ಳಲು ಒಂದು, ಆಮದಿಗೆ ಒಂದು, ಸಾಗಣೆಗೆ ಒಂದು, ಮಾರಾಟ ಮಾಡುವ ರಾಜ್ಯದಿಂದ ರಫ್ತಿಗೆ ಒಂದು. ಕೊಡುವವರು ಅಬಕಾರಿಯವರು, ಆರೋಗ್ಯ ಇಲಾಖೆಯವರು, ಔಷಧ ನಿಯಂತ್ರಕರು. ಒಬ್ಬರ ಸಹಿ ಬರುವಷ್ಟರಲ್ಲಿ ಇನ್ನೊಬ್ಬರ ಪರವಾನೆಯ ಅವಧಿ ಮುಗಿದಿರುತ್ತಿತ್ತು. ಎಲ್ಲವೂ ಏಕಕಾಲದಲ್ಲಿ ಜೀವಂತವಾಗಿದ್ದರೆ ಮಾತ್ರ ಮಾಲು ಹೊರಡುವುದು. ಅಂಗಡಿಯವರೂ ಆಸ್ಪತ್ರೆಯವರೂ ಲಾಭವಿಲ್ಲದ, ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಸೆರೆಮನೆಯನ್ನು ತೋರಿಸುವ ಈ ಸರಕಿಗೆ ಕೈಮುಗಿದರು.

ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಕೀಲಿಗಳು, ಎರಡು ಕೈಗಳಲ್ಲಿ ಇರುತ್ತವೆ. ಮಾರ್ಫಿನಿನ ಕಪಾಟಿಗೂ ಜೋಡಿ ಬೀಗ ಬೇಕೆಂಬ ನಿಯಮವನ್ನು ಓದಿದಾಗ ಈ ಲೇಖಕನಿಗೆ ಪರಿಚಯದವರನ್ನು ಕಂಡಂತಾಯಿತು. ಬಿಗಿಯಾದ ಲೆಕ್ಕವನ್ನು ದೂರುವವನು ನಾನಲ್ಲ. ಆದರೆ ಜೋಡಿ ಬೀಗವಿದೆಯೆಂಬ ಕಾರಣದಿಂದ ಯಾವ ಬ್ಯಾಂಕೂ ಠೇವಣಿದಾರನಿಗೆ ಹಣವಿಲ್ಲವೆಂದು ಹೇಳಿ ಕಳುಹಿಸುವುದಿಲ್ಲ.

ಫಲವೇನಾಯಿತು? ೧೯೮೫ರಿಂದ ೧೯೯೭ರವರೆಗಿನ ಹನ್ನೆರಡು ವರ್ಷಗಳಲ್ಲಿ ಭಾರತದಲ್ಲಿ ಔಷಧವಾಗಿ ಬಳಕೆಯಾದ ಮಾರ್ಫಿನಿನ ಪ್ರಮಾಣವು ಶೇಕಡ ೯೭ರಷ್ಟು ಇಳಿಯಿತು. ೧೯೯೭ರಲ್ಲಿ ಇಡೀ ದೇಶವು ಬಳಸಿದ ಮಾರ್ಫಿನ್ ೧೮ ಕಿಲೋಗ್ರಾಂ. ತೊಂಬತ್ತು ಕೋಟಿಗೂ ಮಿಕ್ಕಿದ ಜನರ ದೇಶಕ್ಕೆ, ವಾಶಿಯ ಹಮಾಲನೊಬ್ಬನು ಒಂದೇ ಸಲಕ್ಕೆ ಹೆಗಲಮೇಲೆ ಹೊತ್ತೊಯ್ಯಬಹುದಾದಷ್ಟು. ಆ ಕಾಲದಲ್ಲಿಯೇ ಮಂದಸೋರ, ನೀಮಚ್, ಚಿತ್ತೋಡಗಢಗಳ ಪರವಾನೆದಾರ ರೈತರು ಬೆಳೆದ ಅಫೀಮು ಗಾಜಿಪುರ ಮತ್ತು ನೀಮಚ್‌ಗಳ ಸರಕಾರಿ ಕಾರ್ಖಾನೆಗಳಿಂದ ಪರದೇಶದ ಔಷಧ ಕಂಪನಿಗಳಿಗೆ ಟನ್ನುಗಟ್ಟಲೆ ರಫ್ತಾಗುತ್ತಿತ್ತು. ಪರದೇಶದ ರೋಗಿಯ ನೋವಿಗೆ ಮದ್ದನ್ನು ನಾವು ಬೆಳೆದುಕೊಟ್ಟೆವು.

೧೯೯೭ನೆಯ ಇಸವಿಯನ್ನು ಈ ಲೇಖಕನು ಬೇರೊಂದು ಕಾರಣದಿಂದಲೂ ಮರೆಯಲಾರನು. ಪ್ರಬಂಧದ ನಡುವೆ ಮನೆಯ ಮಾತನ್ನು ತರುವುದಕ್ಕೆ ವಾಚಕರು ಕ್ಷಮಿಸಬೇಕು. ಚರಿತ್ರೆಯ ಆಧಾರಗಳಲ್ಲಿ ನಮ್ಮ ತಂದೆಯವರ ಕಿರ್ದಿ ಪುಸ್ತಕವೂ ಒಂದೆಂದು ನಾನು ಬಗೆದಿದ್ದೇನೆ. ತಂದೆಯವರು ವಾಶಿಯ ಮಾರುಕಟ್ಟೆಯ ಒಂದು ಪೇಢಿಯಲ್ಲಿ ಗುಮಾಸ್ತರಾಗಿದ್ದರು. ತಾಯಿಯ ಅಣ್ಣ, ನನ್ನ ಸೋದರಮಾವ, ವಿಜಾಪುರ ಜಿಲ್ಲೆಯ ಒಕ್ಕಲಿಗ. ತಂಬಾಕಿನಿಂದ ಬಂದ ಬಾಯಿಯ ಅರ್ಬುದಕ್ಕೆ ಚಿಕಿತ್ಸೆಗೆಂದು ಅವರು ನಮ್ಮಲ್ಲಿ ನಾಲ್ಕು ತಿಂಗಳಿದ್ದರು. ವಾಶಿಯಿಂದ ಕುರ್ಲಾಕ್ಕೆ, ಅಲ್ಲಿ ಗಾಡಿ ಬದಲಿಸಿ ಪರೇಲಿಗೆ ಅವರನ್ನು ಕರೆದೊಯ್ಯುವ ಕೆಲಸ, ಆಗ ಹದಿನೇಳು ವರ್ಷದವನಾಗಿದ್ದ ನನ್ನದು. ಇನ್ನು ಮಾಡುವುದೇನೂ ಇಲ್ಲವೆಂದು ತಿಳಿದಾಗ ಮಾವನವರು ತಮ್ಮ ಊರಿಗೆ ಹೋಗಿ ಸಾಯಬೇಕೆಂದರು. ವೈದ್ಯರು ಹದಿನೈದು ದಿನಗಳ ಮಾರ್ಫಿನ್ ಮಾತ್ರೆಗಳನ್ನು ಬರೆದುಕೊಟ್ಟರು. ನಾಲ್ಕು ತಾಸಿಗೊಂದರಂತೆ ನೀರಿನಲ್ಲಿ ಅರೆದು ಕುಡಿಸಿದಾಗ ಅವರು ನಿದ್ರಿಸುತ್ತಿದ್ದರು, ಎದ್ದಾಗ ಹೊಲದ ಸುದ್ದಿ ಕೇಳುತ್ತಿದ್ದರು.

ಹದಿನೈದು ದಿನಗಳು ಮುಗಿದುವು. ಊರಿಗೆ ಹೋಗಿದ್ದ ತಂದೆಯವರು ಜಿಲ್ಲೆಯ ಪಟ್ಟಣದಲ್ಲಿ ಅಂಗಡಿ ಅಂಗಡಿ ತಿರುಗಿದರು. “ಅದನ್ನ ನಾವು ಇಡಂಗಿಲ್ರಿ ರಾಯರ, ಅದರ ಉಸಾಬರಿ ನಮಗ ಬ್ಯಾಡ” ಎಂದು ಒಬ್ಬ ಅಂಗಡಿಕಾರನು ದನಿ ತಗ್ಗಿಸಿ ಹೇಳಿದನಂತೆ. ಆಸ್ಪತ್ರೆಯೊಂದರ ವೈದ್ಯರು ಚೀಟಿಯನ್ನು ನೋಡಿ, “ಇದನ್ನ ನಾನು ಕಾಲೇಜಿನ್ಯಾಗ ಓದೀನಿ, ಕೈಲೆ ಹಿಡಿದು ನೋಡಿಲ್ಲ” ಎಂದರಂತೆ. ಅವರಿಬ್ಬರ ಮೇಲೆಯೂ ನನಗೆ ಸಿಟ್ಟಿಲ್ಲ. ಹತ್ತು ವರ್ಷದ ಸೆರೆಮನೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಯಾರು ದಯೆ ತೋರಿಸಬಲ್ಲರು? ತಂದೆಯವರು ಸೋಲಾಪುರಕ್ಕೆ ಬಂದು ರಾತ್ರಿಯ ಗಾಡಿ ಹಿಡಿದು ಮುಂಬಯಿಗೆ ಬಂದರು. ಪರೇಲಿನಲ್ಲಿ ದಿನವಿಡೀ ಸಾಲಿನಲ್ಲಿ ನಿಂತು ಮಾತ್ರೆ ಪಡೆದು ಮರಳಿದರು. ನಾಲ್ಕು ರಾತ್ರಿಗಳು ಕಳೆದಿದ್ದುವು. ಆ ನಾಲ್ಕು ರಾತ್ರಿ ಮಾವನವರ ಕೂಗು ಓಣಿಯ ಕೊನೆಯವರೆಗೆ ಕೇಳುತ್ತಿತ್ತೆಂದೂ, ಅತ್ತೆಯವ್ವ ಮಕ್ಕಳನ್ನು ಬೇರೆಯವರ ಮನೆಗೆ ಮಲಗಲು ಕಳುಹಿಸಿದರೆಂದೂ ತಾಯಿಯವರಿಂದ ಕೇಳಿದ್ದೇನೆ. ಮಾತ್ರೆ ಬಂದಮೇಲೆ ಮಾವನವರು ಒಂಬತ್ತು ದಿನ ಬದುಕಿದರು. ಕಿರ್ದಿಯಲ್ಲಿ ಆ ವಾರದ ಪುಟದಲ್ಲಿ ಎರಡು ನಮೂದುಗಳಿವೆ: ಗಾಡಿಯ ಟಿಕೆಟು, ಮಾತ್ರೆಗಳು. ಟಿಕೆಟಿನ ಮೊತ್ತ ಮಾತ್ರೆಗಳದಕ್ಕಿಂತ ಹೆಚ್ಚು.

ಬಾಯಿಂದ ಕೊಡುವ ಮಾರ್ಫಿನ್ ಅತ್ಯಂತ ಅಗ್ಗದ ಔಷಧಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆಯು ೧೯೭೭ರಲ್ಲಿ ಪ್ರಕಟಿಸಿದ ಅವಶ್ಯಕ ಔಷಧಗಳ ಮೊದಲ ಪಟ್ಟಿಯಲ್ಲಿಯೇ ಅದಕ್ಕೆ ಸ್ಥಾನವಿತ್ತು; ೧೯೮೬ರಲ್ಲಿ ಅದೇ ಸಂಸ್ಥೆಯು ಅರ್ಬುದದ ನೋವಿಗೆ ಮೂರು ಮೆಟ್ಟಿಲುಗಳ ಚಿಕಿತ್ಸಾಕ್ರಮವನ್ನು ಸಾರಿ, ತೀವ್ರ ನೋವಿನ ಮೆಟ್ಟಿಲಿಗೆ ಅದನ್ನೇ ಇಟ್ಟಿತು. ಅಂದರೆ ಜಗತ್ತು ಈ ಔಷಧವನ್ನು ಕಲಿಯತೊಡಗಿದ ಹೊತ್ತಿಗೆ ಸರಿಯಾಗಿ ಭಾರತವು ಅದನ್ನು ಮರೆಯತೊಡಗಿತು. ಅದೇ ೧೯೮೬ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಡಾ. ಲ್ಯೂಸಿಟೊ ಡಿಸೋಜಾ ಅವರು ಅಂತ್ಯಕಾಲದ ಅರ್ಬುದ ರೋಗಿಗಳಿಗಾಗಿ ದೇಶದ ಮೊದಲ ಶುಶ್ರೂಷಾ ಗೃಹವಾದ ಶಾಂತಿ ಅವೇದನಾ ಆಶ್ರಮವನ್ನು ತೆರೆದರೆಂಬುದು ಮುಂಬಯಿಗರು ಹೆಮ್ಮೆಪಡತಕ್ಕ ಸಂಗತಿ. ಬೆಂಗಳೂರಿನಲ್ಲಿ ೧೯೯೪ರಲ್ಲಿ ಸ್ಥಾಪಿತವಾದ ವಿಶ್ವಸ್ತ ಮಂಡಳಿಯು ಮೊದಲು ರೋಗಿಗಳ ಮನೆಗಳಿಗೇ ಹೋಗಿ ಆರೈಕೆ ಮಾಡಿ, ೧೯೯೯ರಲ್ಲಿ ‘ಕರುಣಾಶ್ರಯ’ವನ್ನು ಕಟ್ಟಿತು, ಅಲ್ಲಿ ರೋಗಿಯಿಂದ ಹಣವನ್ನು ಪಡೆಯುವುದಿಲ್ಲ.

ದಾರಿ ತೆರೆದವರು ಕೇರಳದವರು. ಕಲ್ಲಿಕೋಟೆಯಲ್ಲಿ ೧೯೯೩ರಲ್ಲಿ ಡಾ. ಎಂ. ಆರ್. ರಾಜಗೋಪಾಲ ಮತ್ತು ಅವರ ಸಹೋದ್ಯೋಗಿಗಳು ಪ್ರಾರಂಭಿಸಿದ ನೋವು ನಿವಾರಣೆಯ ಸಂಘವು, ಮಾರ್ಫಿನನ್ನು ರೋಗಿಯ ಮನೆಗೆ ಕೊಟ್ಟು ಕಳುಹಿಸಿದರೂ ಅದು ಕಳ್ಳಪೇಟೆಗೆ ಸೋರುವುದಿಲ್ಲವೆಂಬುದನ್ನು ವರ್ಷಾನುವರ್ಷ ಲೆಕ್ಕವಿಟ್ಟು ತೋರಿಸಿತು. ಲೆಕ್ಕದ ಮುಂದೆ ಅನುಮಾನ ನಿಲ್ಲದು. ಕೇಂದ್ರ ಸರಕಾರವು ೧೯೯೮ರಲ್ಲಿ ಮಾದರಿ ನಿಯಮವೊಂದನ್ನು ರಾಜ್ಯಗಳಿಗೆ ಕಳುಹಿಸಿ ಸರಳಗೊಳಿಸಿರೆಂದು ಕೇಳಿಕೊಂಡಿತು. ಕೆಲವು ರಾಜ್ಯಗಳು ಒಪ್ಪಿದುವು. ಹಲವು ರಾಜ್ಯಗಳಲ್ಲಿ ಕಾಗದವು ಕಪಾಟನ್ನು ಸೇರಿತು. ನಿಯಮ ಸರಳವಾದ ರಾಜ್ಯಗಳಲ್ಲಿಯೂ ಬಳಕೆಯು ತಾನಾಗಿ ಏರಲಿಲ್ಲ. ೨೦೦೭ರಲ್ಲಿ ಭಾರತೀಯ ಉಪಶಾಮಕ ಚಿಕಿತ್ಸಾ ಸಂಘವೂ ಇತರರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಕೊನೆಗೆ ೨೦೧೪ರ ಫೆಬ್ರುವರಿಯಲ್ಲಿ, ಹದಿನೈದನೆಯ ಲೋಕಸಭೆಯ ಕೊನೆಯ ಅಧಿವೇಶನದ ಗದ್ದಲದ ನಡುವೆ, ೨೦ರಂದು ಲೋಕಸಭೆಯೂ ೨೧ರಂದು ರಾಜ್ಯಸಭೆಯೂ ತಿದ್ದುಪಡಿಯನ್ನು ಅಂಗೀಕರಿಸಿದುವು. ಅದು ಮೇ ೧ರಿಂದ ಜಾರಿಗೆ ಬಂದಿತು. ‘ಅವಶ್ಯಕ ಮಾದಕ ಔಷಧ’ವೆಂಬ ಹೊಸ ವರ್ಗವು ಹುಟ್ಟಿ, ಮಾರ್ಫಿನ್ ಸೇರಿ ಆರು ಔಷಧಗಳು ಅದರಲ್ಲಿ ಸೇರಿದುವು. ಇವುಗಳ ಮಟ್ಟಿಗೆ ನಿಯಮ ಮಾಡುವ ಅಧಿಕಾರವು ರಾಜ್ಯಗಳಿಂದ ಕೇಂದ್ರಕ್ಕೆ ಹೋಯಿತು. ೨೦೧೫ರ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ೧೯೩೦ರಲ್ಲಿ ಪ್ರಾಂತದ ಕೈಗೆ ಹೋದ ಬಾಗಿಲಿನ ಕೀಲಿಯು ಎಂಬತ್ತನಾಲ್ಕು ವರ್ಷಗಳ ಮೇಲೆ ಮರಳಿತು. ರಾಜ್ಯಗಳ ಹಕ್ಕಿನ ಪಕ್ಷಪಾತಿಯಾದ ನನಗೂ ಈ ಒಂದು ಸಂದರ್ಭದಲ್ಲಿ ಕೇಂದ್ರದ ಕೈ ಮೇಲಾದುದಕ್ಕೆ ಖೇದವಿಲ್ಲ.

ಆದಾಗ್ಯೂ ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಲೆಕ್ಕ ಹಾಕಿದಂತೆ ಭಾರತದ ರೋಗಿಗಳಿಗೆ ಬೇಕಾದ ಈ ವರ್ಗದ ಔಷಧದಲ್ಲಿ ಶೇಕಡ ೪ರಷ್ಟು ಮಾತ್ರವೇ ದೊರೆಯುತ್ತಿತ್ತು. ಅಮೇರಿಕೆಯಲ್ಲಿ ಇದೇ ವರ್ಗದ ಔಷಧಗಳನ್ನು ಕಂಪನಿಗಳು ಲಾಭಕ್ಕಾಗಿ ಎರಚಿ ಲಕ್ಷಾಂತರ ಜನರು ಪ್ರಾಣ ಕಳೆದುಕೊಂಡುದನ್ನು ನಮ್ಮ ಅಧಿಕಾರಿಗಳು ಎತ್ತಿ ತೋರಿಸುತ್ತಾರೆ. ಆ ಭಯವನ್ನು ಹಗುರವಾಗಿ ಕಾಣಲಾಗದು. ಬಾಳಗೋಳಿಯ ಕಥೆಯನ್ನು ಮೇಲೆ ಹೇಳಿದ್ದೇನೆ. ಆದರೆ ಪ್ರವಾಹದ ಊರಿನ ನಿದರ್ಶನವನ್ನು ತೋರಿಸಿ ಬರಗಾಲದ ಊರಿಗೆ ನೀರನ್ನು ತಡೆಯುವ ವಾದವು ಸರಿಯೆನಿಸದು. ೨೦೧೮ರಲ್ಲಿ ಟ್ರಮಡಾಲ್ ಎಂಬ ಇನ್ನೊಂದು ನೋವು ನಿವಾರಕವೂ ಇದೇ ಕಾಯಿದೆಯ ಹಿಡಿತಕ್ಕೆ ಬಂದಿತು. ಮಾರ್ಫಿನ್ ಸಿಗದ ಕಡೆ ವೈದ್ಯರು ಕೈಚಾಚುತ್ತಿದ್ದುದು ಅದಕ್ಕೆ. ದುರುಪಯೋಗವಿದ್ದುದು ನಿಜ, ೧೯೮೫ರ ಬಳಿಕದ ಅಂಗಡಿಕಾರನ ಭಯವು ಈ ಔಷಧಕ್ಕೂ ಹಬ್ಬದಂತೆ ನೋಡಿಕೊಳ್ಳುವ ಹೊಣೆ ಔಷಧ ನಿಯಂತ್ರಕರದು.

ಈಗ ಉಳಿದಿರುವ ತೊಡಕು ಕಾಯಿದೆಯದಕ್ಕಿಂತ ಹೆಚ್ಚಾಗಿ ಕಲಿಕೆಯದು. ೧೯೮೫ರ ಅನಂತರ ಎರಡು ತಲೆಮಾರಿನ ವೈದ್ಯರು ಮಾರ್ಫಿನನ್ನು ಕೊಡುವುದನ್ನು ಕಾಣದೆಯೇ ಪದವಿ ಪಡೆದರು. ಉಪಶಾಮಕ ವೈದ್ಯಶಾಸ್ತ್ರಕ್ಕೆ ಸ್ನಾತಕೋತ್ತರ ಪದವಿಯ ಮಾನ್ಯತೆ ದೊರೆತದ್ದು ೨೦೧೦ರಲ್ಲಿ. ಪರೇಲಿನ ಟಾಟಾ ಸಂಸ್ಥೆಯು ಆ ತರಗತಿಯನ್ನು ತೆರೆದದ್ದು ೨೦೧೨ರಲ್ಲಿ. ಅದೇ ಸಂಸ್ಥೆಯ ಖಾರಘರದ ಶಾಖೆಯು ವಾಶಿಯಿಂದ ಕೆಲವೇ ನಿಲ್ದಾಣಗಳಾಚೆ ಇದ್ದು, ಸೋದರಮಾವಂದಿರನ್ನು ಕರೆದುಕೊಂಡು ಹೋಗುವ ಹುಡುಗರು ಈಗ ಕುರ್ಲಾದಲ್ಲಿ ಗಾಡಿ ಬದಲಿಸಬೇಕಾಗಿಲ್ಲ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ನೋವು ಹಾಗೂ ಉಪಶಾಮಕ ಚಿಕಿತ್ಸೆಯ ಪಾಠಗಳು ಸೇರಿದುದು ೨೦೧೯ರಲ್ಲಿ. ಆ ವರ್ಷ ಸೇರಿದವರು ಈಚೆಗಷ್ಟೇ ವೈದ್ಯರಾಗಿ ಹೊರಬಂದಿದ್ದಾರೆ. ಅವರಲ್ಲಿ ಕೆಲವರಾದರೂ ಇಂಡಿ, ಸಿಂದಗಿ, ಅಥಣಿಗಳ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿರಬಹುದು. ಚೀಟಿಯಲ್ಲಿ ಆ ಹೆಸರನ್ನು ಬರೆಯಲು ಅವರ ಕೈ ಹಿಂಜರಿಯದು. ಅಲ್ಲಿಯ ಕಪಾಟಿನ ಜೋಡಿ ಬೀಗದ ಹಿಂದೆ ಮಾತ್ರೆ ಇದೆಯೇ ಎಂಬುದನ್ನು ಆಯಾ ಆಸ್ಪತ್ರೆಯ ದಾಸ್ತಾನು ಪುಸ್ತಕವು ಹೇಳಬೇಕು.